ಬಾಸೆಲ್ ಒಪ್ಪಂದ: ಯಾರ ಕಸ, ಯಾರ ಕೈ?

ಒಪ್ಪಂದಗಳನ್ನು ವಕೀಲರು ಓದುತ್ತಾರೆ, ಅಧಿಕಾರಿಗಳು ಓದುತ್ತಾರೆ. ಸಾಹಿತ್ಯದವರು ಓದುವುದಿಲ್ಲ. ಕತೆ, ಕಾವ್ಯ, ಕಾದಂಬರಿ ಬಿಟ್ಟು ಉಳಿದದ್ದೆಲ್ಲ ವಿಮರ್ಶೆಯ ಹೊರಗಿನದು ಎಂದು ನಮ್ಮ ಮಡಿವಂತ ವಿಮರ್ಶಕರು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಆದರೆ ಜನರ ಬದುಕಿನ ಮೇಲೆ ಯಾವ ಮಹಾಕಾವ್ಯಕ್ಕಿಂತಲೂ ಹೆಚ್ಚು ಹಿಡಿತ ಇರುವ ಬರವಣಿಗೆ ಎಂದರೆ ಕಾನೂನು, ಕರಾರು, ಕಟ್ಟಳೆ. ಮನುಸ್ಮೃತಿಯೂ ಶ್ಲೋಕದಲ್ಲೇ ಇತ್ತು ತಾನೆ? ಆದ್ದರಿಂದ ಈ ಸಲ ನಾವು ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನು ಕೃತಿಯನ್ನು ಓದುವ ಹಾಗೆಯೇ ಓದಲು ಹೊರಟಿದ್ದೇವೆ. ವಿಷಕಾರಿ ಕಸವನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿಸುವುದರ ಮೇಲೆ ಹತೋಟಿ ಇಡಲು 1989ರ ಮಾರ್ಚ್ 22ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಅಂಗೀಕಾರವಾಗಿ, 1992ರಲ್ಲಿ ಜಾರಿಗೆ ಬಂದ ಒಪ್ಪಂದ ಇದು. 29 ವಿಧಿಗಳು, ಅದರ ಹಿಂದೆ ಅನುಬಂಧಗಳು. ಇವತ್ತು 190ರಷ್ಟು ದೇಶಗಳು ಇದರೊಳಗಿವೆ. ಭೂಮಿಯ ಪರಿಸರ ಕಾಯಲು ದೇಶಗಳು ಕೂಡಿ ಮಾಡಿದ ದೊಡ್ಡ ಕೆಲಸಗಳಲ್ಲಿ ಇದೊಂದು ಎಂಬ ಹೆಸರು ಇದಕ್ಕೆ ಇದೆ. ಆ ಹೆಸರು ಪೂರ್ತಿ ಸುಳ್ಳೂ ಅಲ್ಲ.

ಇಷ್ಟೊಂದು ಒಪ್ಪಂದಗಳಿರುವಾಗ ಇದನ್ನೇ ಯಾಕೆ ಆರಿಸಿಕೊಂಡಿರಿ ಅಂತ ಯಾರಾದರೂ ಕೇಳಬಹುದು. ಯಾಕಂದ್ರೆ ಇದು ಕಸದ ಒಪ್ಪಂದ. ಕಸ ಯಾರ ಮನೆಯಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿ ಹೋಗುತ್ತದೆ, ಯಾರ ಬಾಗಿಲಲ್ಲಿ ಬೀಳುತ್ತದೆ ಎಂಬ ವಿದ್ಯೆಯಲ್ಲಿ ನಮ್ಮ ಕೇರಿಗಳಿಗೆ ಇರುವಷ್ಟು ಅನುಭವ ಜಿನೀವಾದ ಯಾವ ತಜ್ಞನಿಗೂ ಇಲ್ಲ. ಈ ಕೃತಿಯ ವಿಮರ್ಶೆಗೆ ಬೇಕಾದ ಅರ್ಹತೆ ನಮಗೆ ಪರಂಪರೆಯಿಂದಲೇ ಬಂದಿದೆ.

ಮೊದಲು ಕೃತಿ ಹುಟ್ಟಿದ ಕಾಲ ನೋಡೋಣ. 1976ರಲ್ಲಿ ಇಟಲಿಯ ಸೆವೆಸೊ ಎಂಬಲ್ಲಿ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ವಿಷ ಹೊರಬಂತು. ಆ ವಿಷ ಬಳಿದು ತುಂಬಿದ 41 ಪೀಪಾಯಿಗಳು 1982ರಲ್ಲಿ ಸಾಗಣೆಯ ದಾರಿಯಲ್ಲಿ ಕಾಣೆಯಾದವು. ಇಡೀ ಯೂರೋಪು ಗಾಬರಿಬಿದ್ದು ಹುಡುಕಿತು. ಮರುವರ್ಷ ಉತ್ತರ ಫ್ರಾನ್ಸಿನ ಒಂದು ಹಳ್ಳಿಯ ಹಳೇ ಕಸಾಯಿಖಾನೆಯಲ್ಲಿ ಅವು ಸಿಕ್ಕಿದವು. ಕೊನೆಗೆ 1985ರಲ್ಲಿ ಇದೇ ಬಾಸೆಲ್ ನಗರದಲ್ಲಿ ಅದನ್ನು ಸುಟ್ಟರು. 41 ಪೀಪಾಯಿ! ಯೂರೋಪಿನ ನೆಲದ ಮೇಲೆ 41 ಪೀಪಾಯಿ ದಾರಿ ತಪ್ಪಿದ್ದಕ್ಕೆ ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು, ಕಾನೂನುಗಳು ಬಂದವು. ಕಾನೂನು ಬಿಗಿಯಾದ ಹಾಗೆ ಅಲ್ಲಿ ಕಸ ಕಳೆಯುವ ಖರ್ಚು ಏರಿತು. ಖರ್ಚು ಏರಿದ ಕೂಡಲೆ ಕಸ ಕಾಲು ಮೂಡಿಸಿಕೊಂಡು ದಕ್ಷಿಣಕ್ಕೆ ಹೊರಟಿತು.

ಹೇಗೆ ಹೊರಟಿತು ಎಂಬುದಕ್ಕೆ ಒಂದು ಹಡಗಿನ ಕತೆ ಸಾಕು. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಊರಿನ ಕಸ ಸುಟ್ಟ ಬೂದಿ ಸುಮಾರು 14,000 ಟನ್ ತುಂಬಿಕೊಂಡು 'ಖಿಯಾನ್ ಸೀ' ಎಂಬ ಹಡಗು ಹೊರಟಿತು. ಬಹಾಮಾ ಬೇಡವೆಂದಿತು. ಇನ್ನೂ ಹಲವು ದೇಶಗಳು ಬೇಡವೆಂದವು. 1988ರ ಜನವರಿಯಲ್ಲಿ ಹೈಟಿ ದೇಶದ ಗೊನಾಯೀವ್ ಕರೆಗೆ ಬಂದು, ಇದು ಗೊಬ್ಬರ ಎಂದು ಕಾಗದ ತೋರಿಸಿ ಇಳಿಸತೊಡಗಿದರು. ಗೊಬ್ಬರವಲ್ಲ ಎಂದು ಗೊತ್ತಾಗಿ, ವಾಪಸ್ ತುಂಬಿಕೊಳ್ಳಿ ಎಂದು ಅಲ್ಲಿಯ ಸರ್ಕಾರ ಹೇಳುವಷ್ಟರಲ್ಲಿ 4,000 ಟನ್ನಿನಷ್ಟನ್ನು ದಂಡೆಯ ಮೇಲೆ ಬಿಟ್ಟು ಹಡಗು ರಾತ್ರೋರಾತ್ರಿ ಕಂಬಿ ಕಿತ್ತಿತು. ಆಮೇಲೆ ಅದು 'ಫೆಲಿಷಿಯಾ' ಆಯಿತು, ಆಮೇಲೆ 'ಪೆಲಿಕಾನೊ' ಆಯಿತು. ಸಿಂಗಪುರ ಮುಟ್ಟುವಾಗ ಹೊಟ್ಟೆ ಖಾಲಿ. ಉಳಿದ ಬೂದಿ ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರದ ಪಾಲಾಗಿತ್ತು. ಹೈಟಿಯ ಬಡವರ ದಂಡೆಯ ಮೇಲಿನ ಬೂದಿಯನ್ನು ಅಲ್ಲಿಂದ ಎತ್ತಿದ್ದು 2000ದಲ್ಲಿ. ಅದು ಹುಟ್ಟಿದ ಪೆನ್ಸಿಲ್ವೇನಿಯಾ ರಾಜ್ಯದಲ್ಲೇ ಕೊನೆಗೆ ಮಣ್ಣು ಕಂಡದ್ದು 2002ರಲ್ಲಿ. ಹದಿನಾರು ವರ್ಷ.

ಅದೇ 1988ರಲ್ಲಿ ನೈಜೀರಿಯಾದ ಕೊಕೊ ಎಂಬ ಪುಟ್ಟ ಬಂದರಿನಲ್ಲಿ ಸಾವಿರಾರು ಪೀಪಾಯಿ ಇಟಲಿಯ ವಿಷ ಪತ್ತೆಯಾಯಿತು. ಒಬ್ಬ ಬಡ ಮನುಷ್ಯನ ಹಿತ್ತಲನ್ನು ತಿಂಗಳಿಗೆ 100 ಡಾಲರಿಗೆ ಬಾಡಿಗೆ ಹಿಡಿದು ಅಲ್ಲಿ ಪೇರಿಸಿದ್ದರು. ನೈಜೀರಿಯಾ ಸಿಡಿದೆದ್ದಿತು, ರಾಯಭಾರಿಯನ್ನು ವಾಪಸ್ ಕರೆಸಿತು, ಇಟಲಿ ತನ್ನ ಕಸ ಹೊತ್ತುಕೊಂಡು ಹೋಗಲೇಬೇಕಾಯಿತು. ಆ ಕಸ ಹೊತ್ತ 'ಕಾರಿನ್ ಬಿ' ಎಂಬ ಹಡಗನ್ನು ಯೂರೋಪಿನ ಬಂದರುಗಳೇ ಒಂದರ ಹಿಂದೊಂದು ಬಾಗಿಲು ಹಾಕಿಕೊಂಡು ದೂರ ಅಟ್ಟಿದವು. ತಮ್ಮ ಹೊಲಸನ್ನು ತಾವೇ ಮುಟ್ಟಲೊಲ್ಲದ ಮಡಿ! ಇದು ನಮಗೆ ಹೊಸದಾಗಿ ಕಂಡಿತೆಂದು ಹೇಳಲಾರೆವು.

ಈಗ ಕೃತಿಗೆ ಬರೋಣ. 1973ರಲ್ಲಿ ಮೈಸೂರಿನಲ್ಲಿ 'ಬೂಸಾ' ಎಂಬ ಒಂದು ಮಾತು ಆಡಿ, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಿದ್ದ ಮಂತ್ರಿ ಬಸವಲಿಂಗಪ್ಪನವರು ಕುರ್ಚಿ ಕಳೆದುಕೊಂಡರು. ಆ ಮಾತು ನಮಗೆ ಕಲಿಸಿದ್ದು ಇಷ್ಟೇ: ಎಷ್ಟೇ ದೊಡ್ಡ ಗ್ರಂಥವಾಗಲಿ, ಮೊರಕ್ಕೆ ಹಾಕಿ ಕೇರಿ ನೋಡಬೇಕು. ಕಾಳೆಷ್ಟು, ಬೂಸಾ ಎಷ್ಟು.

ಕಾಳು ಇದೆ. ತನಗೆ ಬೇಡವಾದ ಕಸವನ್ನು ಬೇಡ ಎನ್ನುವ ಹಕ್ಕು ಪ್ರತಿ ದೇಶಕ್ಕೂ ಇದೆ ಎಂದು ನಾಲ್ಕನೇ ವಿಧಿ ಹೇಳುತ್ತದೆ. ಕಳಿಸುವ ಮುಂಚೆ ಬರಹದಲ್ಲಿ ತಿಳಿಸಬೇಕು, ಬರಹದಲ್ಲಿ ಒಪ್ಪಿಗೆ ಪಡೆಯಬೇಕು ಎಂದು ಆರನೇ ವಿಧಿ. ಕೆಲಸ ಕೆಟ್ಟರೆ ಕಳಿಸಿದವರೇ ವಾಪಸ್ ತರಿಸಿಕೊಳ್ಳಬೇಕು ಎಂದು ಎಂಟನೇ ವಿಧಿ. ಇವು ಸಣ್ಣ ಮಾತುಗಳಲ್ಲ. ಇವನ್ನು ಯಾರೂ ದಾನವಾಗಿ ಕೊಡಲಿಲ್ಲ, ಕೊಕೊದ ಜನ ಮತ್ತು ಹೈಟಿಯ ಜನ ಮಾಡಿದ ಗಲಾಟೆಯಿಂದ ಬಂದವು. ಆಫ್ರಿಕದ ದೇಶಗಳು 1988ರಲ್ಲೇ ಒಟ್ಟಾಗಿ ಇದು ಆಫ್ರಿಕದ ಮೇಲಿನ ಅಪರಾಧ ಎಂದು ಸಾರಿದ್ದವು.

ಆದರೆ ಅದೇ ನಾಲ್ಕನೇ ವಿಧಿಯ ಆರನೇ ಉಪವಿಧಿಗೆ ಬಂದಾಗ ನಾವು ನಿಂತುಬಿಟ್ಟೆವು. ದಕ್ಷಿಣ ಅಕ್ಷಾಂಶ 60 ಡಿಗ್ರಿಯಿಂದ ಕೆಳಕ್ಕೆ, ಅಂದರೆ ಅಂಟಾರ್ಕ್‌ಟಿಕದ ಹಿಮದ ನಾಡಿಗೆ, ವಿಷಕಸವನ್ನು ವಿಲೇವಾರಿಗಾಗಿ ಕಳಿಸುವಂತೆಯೇ ಇಲ್ಲ. ಅಲ್ಲಿ ಒಪ್ಪಿಗೆ ಕಾಗದದ ಮಾತಿಲ್ಲ, ಸೌಕರ್ಯ ಇದೆಯೇ ಎಂಬ ತಪಾಸಣೆಯಿಲ್ಲ. ಬೇಡ ಎಂದರೆ ಬೇಡ, ಅಷ್ಟೇ. ಪೆಂಗ್ವಿನ್ನುಗಳ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆ ಹಿಮ ಶುದ್ಧವಾಗಿಯೇ ಇರಲಿ. ಆದರೆ 1989ರಲ್ಲಿ ಈ ಲೋಕದ ಧಣಿಗಳು ಹಿಮದ ಹಕ್ಕಿಗೆ ಕೊಟ್ಟ ಸಂಪೂರ್ಣ ರಕ್ಷಣೆಯನ್ನು ಹೈಟಿಯ, ನೈಜೀರಿಯಾದ, ಭಾರತದ ಮನುಷ್ಯರಿಗೆ ಕೊಡಲು ಒಪ್ಪಲಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಅವರಿಗೆ 'ಒಪ್ಪಿಗೆ' ಎಂಬ ಪದ ನೆನಪಾಯಿತು.

ಆ ಪದವನ್ನು ಸ್ವಲ್ಪ ಅಲ್ಲಾಡಿಸಿ ನೋಡಿ. 1988ರಲ್ಲಿ ಗಿನಿ-ಬಿಸ್ಸೌ ಎಂಬ ಆಫ್ರಿಕದ ಸಣ್ಣ ದೇಶಕ್ಕೆ ಒಂದು ಕರಾರು ಬಂತು: ಐದು ವರ್ಷದಲ್ಲಿ 15 ದಶಲಕ್ಷ ಟನ್ ಕಸ ಹೂಳಲು ಜಾಗ ಕೊಡಿ, 60 ಕೋಟಿ ಡಾಲರ್ ಕೊಡುತ್ತೇವೆ. ಟನ್ನಿಗೆ 40 ಡಾಲರ್. ಆ ಹಣ ಆ ದೇಶದ ಇಡೀ ವರ್ಷದ ಉತ್ಪನ್ನದ ಹಲವು ಪಟ್ಟು. ಒತ್ತಡ ಬಂದು ಆ ಕರಾರು ಮುರಿದುಬಿತ್ತು, ಆ ಮಾತು ಬೇರೆ. ಆದರೆ ಅವರು ಸಹಿ ಹಾಕಿಬಿಟ್ಟಿದ್ದರೆ? ಒಪ್ಪಂದದ ಭಾಷೆಯಲ್ಲಿ ಅದು 'ಮುಂಚಿತವಾಗಿ, ತಿಳಿದು ಕೊಟ್ಟ ಒಪ್ಪಿಗೆ'. ಜೀತದ ಪತ್ರದ ಮೇಲೂ ಹೆಬ್ಬೆಟ್ಟು ಇರುತ್ತಿತ್ತು. ಸಾಲಗಾರ ಒಪ್ಪಿಯೇ ಒತ್ತಿದ್ದಾನೆ ಎಂದು ಧಣಿ ಕಾಗದ ಬೀಸಿ ತೋರಿಸುತ್ತಿದ್ದ. ಹೊಟ್ಟೆ ಹಸಿದವನ ಒಪ್ಪಿಗೆ ಎಂಥ ಒಪ್ಪಿಗೆ ಎಂದು ಹಳ್ಳಿಯ ಮೇಷ್ಟರುಗಳಿಗೆ ನಾವು ವಿವರಿಸಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ: ಒಪ್ಪಿಗೆ ಕೊಡುವವರು ಯಾರು? ಸರ್ಕಾರ. ಕಸ ಮುಟ್ಟುವವರು ಯಾರು? ಈ ಒಪ್ಪಂದದಲ್ಲಿ ಕಸ ಮುಟ್ಟುವ ಮನುಷ್ಯನನ್ನು ನಾವು ಹುಡುಕಿದೆವು. 'ಮಾನವ ಆರೋಗ್ಯ' ಎಂಬ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ, ಆದರೆ ಅದು ಯಾರ ಮೈಯೂ ಇಲ್ಲದ ಆರೋಗ್ಯ. ಕಸದೊಳಗೆ ಕೈ ಹಾಕಿದವನು ನಮ್ಮ ಕಣ್ಣಿಗೆ ಬಿದ್ದದ್ದು ನಾಲ್ಕನೇ ವಿಧಿಯ ಒಂದು ಉಪವಾಕ್ಯದಲ್ಲಿ. ಅಲ್ಲಿ ಹೇಳಿರುವುದೇನು? ಕಸದ ನಿರ್ವಹಣೆಯಲ್ಲಿ ತೊಡಗಿದವರು ಮಾಲಿನ್ಯ ಆಗದಂತೆ ತಕ್ಕ ಕ್ರಮ ಕೈಗೊಳ್ಳುವಂತೆ ಸರ್ಕಾರಗಳು ನೋಡಿಕೊಳ್ಳಬೇಕಂತೆ! ನೋಡ್ರಿ ಇದನ್ನ. ಕಸದಿಂದ ಅವನನ್ನು ಕಾಯುವುದಲ್ಲ, ಅವನಿಂದ ಪರಿಸರವನ್ನು ಕಾಯುವುದು. ಬರೆದವರ ಮನಸ್ಸಿನಲ್ಲಿ ದೊಡ್ಡ ಕಂಪನಿಗಳ ಯಜಮಾನರು ಇದ್ದಿರಬಹುದು, ಆ ಅನುಮಾನದ ಲಾಭವನ್ನು ಕೊಡೋಣ. ಆದರೆ ಕಂಪ್ಯೂಟರಿನ ತಂತಿ ಸುಟ್ಟು ತಾಮ್ರ ಆರಿಸುವ ದಿಲ್ಲಿಯ ಸೀಲಂಪುರದ ಹುಡುಗನಿಗೂ ಈ ವಾಕ್ಯ ಅಷ್ಟೇ ಚೆನ್ನಾಗಿ ಅನ್ವಯಿಸುತ್ತದೆ. ಅವನು ಮೊದಲು ಮಾಲಿನ್ಯಕಾರ, ಆಮೇಲೆ ಮನುಷ್ಯ. ಒಪ್ಪಂದದ ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಅವನ ಭಾಷೆ ಅದರಲ್ಲಿಲ್ಲ. ನಮ್ಮದೂ ಇಲ್ಲ ಬಿಡಿ.

ಸಂಪೂರ್ಣ ನಿಷೇಧಕ್ಕಾಗಿ ಬಡ ದೇಶಗಳು ನಡೆಸಿದ ಜಗಳ ಈ ಚರಿತ್ರೆಯ ಒಳ್ಳೆಯ ಭಾಗ. ಆಫ್ರಿಕದ ದೇಶಗಳು ಬಾಸೆಲ್ ಸಾಲದೆಂದು 1991ರಲ್ಲಿ ಬಮಾಕೊ ನಗರದಲ್ಲಿ ತಮ್ಮದೇ ಒಪ್ಪಂದ ಮಾಡಿಕೊಂಡು ಕಸದ ಆಮದನ್ನೇ ನಿಷೇಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞ ಲಾರೆನ್ಸ್ ಸಮ್ಮರ್ಸ್ ಸಹಿಯ ಒಂದು ಟಿಪ್ಪಣಿ ಬ್ಯಾಂಕಿನೊಳಗೆ ಓಡಾಡಿ, ಆಮೇಲೆ ಬಯಲಾಯಿತು. ಅದರ ಸಾರ: ಕೂಲಿ ಎಲ್ಲಿ ಕಡಿಮೆಯೋ ಅಲ್ಲಿ ವಿಷಕಸ ಸುರಿಯುವುದು ಅರ್ಥಶಾಸ್ತ್ರದ ಲೆಕ್ಕದಲ್ಲಿ ಸರಿ, ಯಾಕಂದ್ರೆ ಅಲ್ಲಿ ಸಾಯುವವರ ದುಡಿಮೆಯ ಬೆಲೆ ಕಡಿಮೆ. ಆಫ್ರಿಕದಲ್ಲಿ ಮಾಲಿನ್ಯ ಇರಬೇಕಾದ್ದಕ್ಕಿಂತ ಕಮ್ಮಿಯೇ ಇದೆ ಎಂದೂ ಅದರಲ್ಲಿತ್ತು. ಗದ್ದಲವೆದ್ದಾಗ ಅದು ವ್ಯಂಗ್ಯ ಎಂದರು. ವ್ಯಂಗ್ಯವಿರಬಹುದು, ಆದರೆ ಹಡಗುಗಳು ವ್ಯಂಗ್ಯವಾಗಿ ಚಲಿಸುತ್ತಿರಲಿಲ್ಲ. ಸತ್ತ ದನ ಹೊರುವುದನ್ನು ಬಿಡಿ ಎಂದು ಬಾಬಾಸಾಹೇಬರು ಕರೆ ಕೊಟ್ಟಾಗಲೂ ಇದೇ ಲೆಕ್ಕ ಎದುರಿಗೆ ಬಂದಿತ್ತು: ಚರ್ಮ ಬಿಟ್ಟರೆ, ಕೊಂಬು ಬಿಟ್ಟರೆ ನಿಮಗೇ ನಷ್ಟ. ಅಷ್ಟು ಲಾಭದ ಕೆಲಸವಾದರೆ ನೀವೇ ಮಾಡಿಕೊಳ್ಳಿ ಎಂಬುದು ಅವರ ಸವಾಲಾಗಿತ್ತು. ಕೇರಿಯಲ್ಲಿ ಎದ್ದ ಆ ಸವಾಲನ್ನೇ 1994ರ ಮಾರ್ಚಿನಲ್ಲಿ ಜಿನೀವಾದಲ್ಲಿ ಬಡ ದೇಶಗಳು ಶ್ರೀಮಂತ ದೇಶಗಳ ಮುಂದೆ ಇಟ್ಟವು. ಶ್ರೀಮಂತ ದೇಶಗಳಿಂದ ಉಳಿದ ದೇಶಗಳಿಗೆ ವಿಷಕಸ ಹೋಗಕೂಡದು, ಮರುಬಳಕೆಯ ನೆಪದಲ್ಲೂ ಹೋಗಕೂಡದು ಎಂಬ ತೀರ್ಮಾನವಾಯಿತು. 1995ರಲ್ಲಿ ಅದನ್ನು ಒಪ್ಪಂದದ ತಿದ್ದುಪಡಿಯಾಗಿ ಬರೆದರು.

ಬರೆದರು, ಇಟ್ಟರು. ಜಾರಿಗೆ ಸದಸ್ಯರ ಮುಕ್ಕಾಲು ಪಾಲು ಒಪ್ಪಬೇಕು. ಮುಕ್ಕಾಲು ಎಂದರೆ ಯಾವ ಮುಕ್ಕಾಲು? 1995ರಲ್ಲಿ ಇದ್ದವರ ಮುಕ್ಕಾಲೋ, ಈಗ ಇರುವವರ ಮುಕ್ಕಾಲೋ? ಪ್ರಾಥಮಿಕ ಶಾಲೆಯ ಈ ಲೆಕ್ಕದ ಮೇಲೆ ಲೋಕದ ಪಂಡಿತರು ವರ್ಷಗಟ್ಟಲೆ ಕೂತು ವಾದಿಸಿದರು. 1995ರಲ್ಲಿ ಇದ್ದವರ ಮುಕ್ಕಾಲು ಎಂದು ಇತ್ಯರ್ಥವಾದದ್ದು 2011ರಲ್ಲಿ. ತಿದ್ದುಪಡಿ ಜಾರಿಗೆ ಬಂದದ್ದು 2019ರ ಡಿಸೆಂಬರ್ 5ರಂದು. ಇಪ್ಪತ್ತನಾಲ್ಕು ವರ್ಷ. ಪೆಂಗ್ವಿನ್ನಿಗೆ ಮೊದಲ ದಿನವೇ ಸಿಕ್ಕ ನ್ಯಾಯಕ್ಕೆ ಮನುಷ್ಯರು ಮೂವತ್ತು ವರ್ಷ ಬಾಗಿಲಲ್ಲಿ ನಿಂತರು. ಆ ದಿನ ಒಪ್ಪಿದವರ ಪಟ್ಟಿಯಲ್ಲಿ ಭಾರತದ ಹೆಸರು ಇರಲಿಲ್ಲ. ಅಮೆರಿಕದ ಮಾತೇ ಬೇರೆ: 1990ರಲ್ಲಿ ಮೂಲ ಒಪ್ಪಂದಕ್ಕೆ ಸಹಿ ಹಾಕಿ, ಅದನ್ನು ಅನುಮೋದಿಸದೆ ಇವತ್ತಿನವರೆಗೂ ಜಗಲಿಯ ಮೇಲೇ ಕುಳಿತಿದೆ. ಅಮೆರಿಕವನ್ನು ಬೈಯುವುದು ಸುಲಭ. ಭಾರತ ಯಾಕೆ ಒಪ್ಪಲಿಲ್ಲ ಎಂಬುದು ನಮ್ಮ ಕಷ್ಟದ ಪ್ರಶ್ನೆ. ಕಸದಲ್ಲಿ ಕಬ್ಬಿಣವಿದೆ, ತಾಮ್ರವಿದೆ, ಸೀಸವಿದೆ, ಅದನ್ನು ಬಿಡಿಸಲು ಅಗ್ಗದ ಕೈಗಳಿವೆ. ಆ ಕೈಗಳ ಅಗ್ಗತನವೇ ಇಲ್ಲಿಯ ಬಂಡವಾಳಗಾರರ ಆಸ್ತಿ. ಹೊರಗಿನ ಧಣಿಯೂ ಒಳಗಿನ ಧಣಿಯೂ ಒಂದೇ ಮೊರದಲ್ಲಿ ಕೇರಿಕೊಳ್ಳುತ್ತಾರೆ.

ಇದಕ್ಕೆ ಗುಜರಾತಿನ ಅಲಂಗ್ ಸಾಕ್ಷಿ. 1983ರಲ್ಲಿ ಅಲ್ಲಿ ಹಡಗು ಒಡೆಯುವ ಕೆಲಸ ಶುರುವಾಯಿತು. ಭರತದ ನೀರಿನಲ್ಲಿ ಹಡಗನ್ನು ಓಡಿಸಿಕೊಂಡು ಬಂದು ಮರಳಿಗೆ ಹತ್ತಿಸುತ್ತಾರೆ. ಒಡಿಶಾ, ಬಿಹಾರ, ಉತ್ತರ ಪ್ರದೇಶ, ಜಾರ್ಖಂಡಿನಿಂದ ಬಂದ ಕೂಲಿಗಳು ಅದನ್ನು ತುಂಡು ತುಂಡು ಮಾಡುತ್ತಾರೆ. ಒಳಗೆ ಕಲ್ನಾರು, ಎಣ್ಣೆ, ವಿಷದ ಬಣ್ಣ. ಹಳ್ಳಿಯವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ದನ ಹಾಲು ಕೊಡುವವರೆಗೆ ಗೌಡರದು. ಉಳುವವರೆಗೆ ಗೌಡರದು. ಸತ್ತ ದಿನ ಮಾತ್ರ ಅದು ಕೇರಿಯದು. 'ಹೊತ್ಕೊಂಡ್ ಹೋಗ್ರೋ, ಅದು ನಿಮ್ಮ ಹಕ್ಕು' ಅನ್ನುತ್ತಿದ್ದರು. ಹಡಗಿನದೂ ಹಾಗೇ. ತೇಲುವವರೆಗೆ ಅದು ಯೂರೋಪಿನ, ಜಪಾನಿನ ಯಜಮಾನನದು. ಸಾಯುವ ಮುನ್ನ ಒಬ್ಬ ದಲ್ಲಾಳಿ ರೊಕ್ಕ ಕೊಟ್ಟು ಕೊಳ್ಳುತ್ತಾನೆ, ಹೆಸರು ಬದಲಾಗುತ್ತದೆ, ಕೊಮೊರೊಸ್ ಅಥವಾ ಪಲಾವು ಎಂಬ ಸಣ್ಣ ದ್ವೀಪದೇಶದ ಬಾವುಟ ಏರುತ್ತದೆ. ಕಸ ಯಾವ ದೇಶದಿಂದ ಬಂತು ಎಂದು ಬಾಸೆಲ್ ಒಪ್ಪಂದ ಕೇಳಿದರೆ ಸಮುದ್ರದಿಂದ ಬಂತು ಎಂಬುದೇ ಉತ್ತರ. 'ಖಿಯಾನ್ ಸೀ' ಕಲಿಸಿದ ಪಾಠವನ್ನು ಹಡಗಿನವರು ಮರೆತಿಲ್ಲ.

ಒಂದು ಸಲ ಮಾತ್ರ ಈ ಆಟ ಬಹಿರಂಗವಾಗಿ ಕೆಟ್ಟಿತು. ಫ್ರಾನ್ಸಿನ 'ಕ್ಲೆಮಾನ್ಸೊ' ಎಂಬ ಯುದ್ಧನೌಕೆ ಹೊಟ್ಟೆಯಲ್ಲಿ ಕಲ್ನಾರು ಇಟ್ಟುಕೊಂಡು 2005ರ ಕೊನೆಯ ದಿನ ಅಲಂಗಿಗೆ ಹೊರಟಿತ್ತು. ಅಲ್ಲೂ ಇಲ್ಲೂ ಕಾರ್ಯಕರ್ತರು ಎದ್ದರು, ವಿಷಯ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂತು, ಫ್ರಾನ್ಸಿನ ಕೋರ್ಟೂ ಬಾಯಿ ತೆರೆಯಿತು. 2006ರ ಫೆಬ್ರವರಿಯಲ್ಲಿ ಅಧ್ಯಕ್ಷ ಶಿರಾಕ್ ಅದನ್ನು ವಾಪಸ್ ಕರೆಸಿದರು. ಕೊನೆಗೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಅದನ್ನು ಒಡೆದರು. ಸತ್ತ ದನವನ್ನು ಗೌಡರ ಮನೆಯವರೇ ಹೊತ್ತ ಅಪರೂಪದ ದಿನ ಅದು! ಅದು ಯುದ್ಧನೌಕೆ, ಅದರ ಮೇಲೆ ಫ್ರಾನ್ಸಿನ ಬಾವುಟ ಎದ್ದು ಕಾಣುತ್ತಿತ್ತು, ಹೆಸರು ಬದಲಾಯಿಸಲು ಆಗಲಿಲ್ಲ. ಹಡಗುಗಳ ವಿಷ ತೆಗೆದೇ ಒಡೆಯಲು ಕೊಡಬೇಕು ಎಂದು ಸುಪ್ರೀಂ ಕೋರ್ಟು 2003ರಲ್ಲೇ ಹೇಳಿತ್ತು. ಆದರೂ 'ಬ್ಲೂ ಲೇಡಿ' ಎಂಬ ಪ್ರಯಾಣಿಕರ ಹಡಗನ್ನು ಅಲಂಗಿನಲ್ಲಿ ಒಡೆಯಲು 2007ರಲ್ಲಿ ಅದೇ ಕೋರ್ಟು ಒಪ್ಪಿತು. ಹಡಗಿಗೆಂದೇ 2009ರಲ್ಲಿ ಹಾಂಗ್‌ಕಾಂಗಿನಲ್ಲಿ ಮಾಡಿದ ಬೇರೆ ಒಪ್ಪಂದ 2025ರ ಜೂನಿನಲ್ಲಿ ಜಾರಿಗೆ ಬಂದಿದೆ. ಅದು ಮರಳಿನ ಮೇಲೆ ಹತ್ತಿಸಿ ಒಡೆಯುವುದನ್ನು ನಿಷೇಧಿಸುವುದಿಲ್ಲ. ಇಷ್ಟು ಹೇಳಿದರೆ ಅದರ ವಿಮರ್ಶೆ ಮುಗಿಯಿತು.

ಈ ಕೃತಿಯ ಇನ್ನೊಂದು ಮಿತಿ ಅದರ ಹೆಸರಿನಲ್ಲೇ ಇದೆ. ಕಸ 'ಗಡಿ ದಾಟಿದರೆ' ಮಾತ್ರ ಅದಕ್ಕೆ ಮಾತು ಬರುತ್ತದೆ. ಗಡಿಯೊಳಗೆ ಊರಿನಿಂದ ಕೇರಿಗೆ, ನಗರದಿಂದ ಹಳ್ಳಿಗೆ ದಾಟಿದರೆ ಅದು ಮೂಕ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರಿಗೆ ಹೋಗಿ ಬಿತ್ತು. ಮುಂಚಿತವಾಗಿ ತಿಳಿದು ಕೊಟ್ಟ ಒಪ್ಪಿಗೆಯನ್ನು ಮಂಡೂರಿನವರಿಂದ ಯಾರು ಕೇಳಿದ್ದರು? ಅವರು ರಸ್ತೆಗಿಳಿದ ಮೇಲೆ 2014ರ ಡಿಸೆಂಬರಿನಿಂದ ನಿಂತಿತು, ಲಾರಿಗಳು ಬೇರೆ ಹಳ್ಳಿಯ ದಾರಿ ಹಿಡಿದವು. ಆ ಕಸವನ್ನು ಬೆಳಗಿನ ಜಾವ ಬಾಚುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು. ದೇಶದೇಶಗಳ ನಡುವೆ ಅಸ್ಪೃಶ್ಯತೆ ಕೂಡದೆಂದು ಜಿನೀವಾದಲ್ಲಿ ಭಾಷಣ ಮಾಡಿದ ಸರ್ಕಾರಗಳಿಗೆ ಮನೆಗೆ ಬಂದಮೇಲೆ ಆ ಭಾಷಣ ನೆನಪಿರುವುದಿಲ್ಲ. ನಮ್ಮ ಪರಿಸರವಾದಿಗಳಲ್ಲೂ ಅನೇಕರಿಗೆ ಹೊಳೆ, ಕಾಡು, ಹುಲಿ ಕಾಣುವಷ್ಟು ಸ್ಪಷ್ಟವಾಗಿ ಪೊರಕೆ ಹಿಡಿದ ಕೈ ಕಾಣುವುದಿಲ್ಲ.

ಕಸದ ದಾರಿ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯುತ್ತದೆ ಎನ್ನುವುದಕ್ಕೆ ಈಚಿನ ಉದಾಹರಣೆ ಪ್ಲಾಸ್ಟಿಕ್. 2018ರಲ್ಲಿ ಚೀನಾ ಬಾಗಿಲು ಹಾಕಿತು, ಕಸ ಮಲೇಷಿಯಾದ ಕಡೆ ತಿರುಗಿತು. 2019ರಲ್ಲಿ ಫಿಲಿಪ್ಪೀನ್ಸ್ 69 ಕಂಟೇನರು ಕಸವನ್ನು ಕೆನಡಾಕ್ಕೆ ವಾಪಸ್ ಅಟ್ಟಿತು. ಅದೇ ವರ್ಷ ಬಾಸೆಲ್ ಸಭೆ ಪ್ಲಾಸ್ಟಿಕ್ಕನ್ನೂ ಒಪ್ಪಂದದೊಳಗೆ ತಂದಿತು. 2025ರ ಜನವರಿಯಿಂದ ಎಲ್ಲ ಬಗೆಯ ವಿದ್ಯುನ್ಮಾನ ಕಸಕ್ಕೂ ಮುಂಚಿತ ಒಪ್ಪಿಗೆ ಬೇಕು. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಲೋಕ ಹುಟ್ಟಿಸಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆ ಇರುವುದು ನೂರಕ್ಕೆ 22ರಷ್ಟಕ್ಕೆ. ಉಳಿದದ್ದರಲ್ಲಿ ಎಷ್ಟೋ ಪಾಲು ಯಾವ ಕೈಗೆ ಹೋಯಿತೆಂದು ಯಾವ ಅನುಬಂಧದಲ್ಲೂ ಬರೆದಿಲ್ಲ.

ಕೊನೆಗೆ ಹನ್ನೆರಡನೇ ವಿಧಿ. ಕಸದಿಂದ ಹಾನಿಯಾದರೆ ಪರಿಹಾರ ಯಾರು ಕೊಡಬೇಕು ಎಂಬುದನ್ನು ಆದಷ್ಟು ಬೇಗ ಇನ್ನೊಂದು ಕರಾರಿನಲ್ಲಿ ಬರೆಯುತ್ತೇವೆ ಎಂದು 1989ರಲ್ಲಿ ಹೇಳಿದ ವಿಧಿ ಅದು. 1999ರ ಡಿಸೆಂಬರಿನಲ್ಲಿ ಆ ಕರಾರು ಬರೆದರು. ಜಾರಿಗೆ 20 ದೇಶಗಳ ಅನುಮೋದನೆ ಸಾಕಿತ್ತು, 190ರಲ್ಲಿ 20. 2006ರ ಆಗಸ್ಟಿನಲ್ಲಿ 'ಪ್ರೊಬೊ ಕೊವಾಲಾ' ಎಂಬ ಹಡಗು ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಲೇವಾರಿ ದುಬಾರಿಯೆಂದು ವಾಪಸ್ ತುಂಬಿಕೊಂಡ ಹೊಲಸನ್ನು ಐವರಿ ಕೋಸ್ಟಿನ ಅಬಿಜಾನ್ ನಗರದ ಸುತ್ತ ರಾತ್ರಿ ಸುರಿಸಿತು. ಲಕ್ಷದಷ್ಟು ಜನ ಆಸ್ಪತ್ರೆಯ ಬಾಗಿಲಲ್ಲಿ ಸಾಲು ನಿಂತರು. ಹಡಗಿನ ಹಿಂದಿದ್ದ ತೈಲ ವ್ಯಾಪಾರದ ಕಂಪನಿ 2007ರಲ್ಲಿ ಹೊಣೆ ಒಪ್ಪಿಕೊಳ್ಳದೆಯೇ 20 ಕೋಟಿ ಡಾಲರಿನಷ್ಟು ಹಣವನ್ನು ಅಲ್ಲಿಯ ಸರ್ಕಾರಕ್ಕೆ ಕೊಟ್ಟು ಕೈ ತೊಳೆದುಕೊಂಡಿತು. ಪರಿಹಾರದ ಕರಾರು ಆಗಲೂ ಜಾರಿಯಲ್ಲಿರಲಿಲ್ಲ. ಬರೆದು ಕಾಲು ಶತಮಾನವಾದರೂ ಆ 20 ದೇಶಗಳ ಲೆಕ್ಕ ತುಂಬಿಲ್ಲ.